ಯುಗಾದಿಗೆ ಮೊದಲಿನ ರಿಲೀಸ್

ಹುಬ್ಬಳ್ಳಿಯಿಂದ ಟ್ರಂಕ್ ಕಾಲ್ ಬರುತ್ತಿದ್ದದ್ದು ಸಾಮಾನ್ಯವಾಗಿ ಮಧ್ಯಾಹ್ನದ ಊಟ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಮಹಾನಂದ ಊಟದ ಡಬ್ಬಿ ತೊಳೆದು ಒರೆಸಿಟ್ಟು, ಏನಾದರೂ ಕಾಗದಪತ್ರ ಹಿಡಿದುಕೊಂಡು ಫೋನಿನ ಪಕ್ಕದ ಸ್ಟೂಲಿನ ಮೇಲೆ ಬಂದು ಕೂತಿರುತ್ತಿದ್ದಳು. ಅವಳ ಮೇಜು ಇದ್ದದ್ದು ದೂರದ ಕಿಟಕಿಯ ಹತ್ತಿರ. ಅಲ್ಲಿಂದಲೂ ಗಂಟೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಇಲ್ಲೇಕೆ ಕೂತೆ ಎಂದು ಆಫೀಸಿನಲ್ಲಿ ಯಾರೂ ಕೇಳಿದವರಲ್ಲ.

ಆಫೀಸು ಚಾಮರಾಜಪೇಟೆಯ ಹಳೆಯ ಮನೆಯೊಂದರ ಮಹಡಿಯ ಮೇಲಿತ್ತು. ಕೆಳಗೆ ಹಿಟ್ಟಿನ ಗಿರಣಿ. ಮೇಲೆ, ಲಾರಿ ಸಾಗಣೆ ಕಂಪನಿಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಮಾಡಿಕೊಡುವ ಸುಪಥ ಡೇಟಾ ಸರ್ವಿಸಸ್. ಮಾಲೀಕರಾದ ಮಲ್ಲಿಕಾರ್ಜುನಯ್ಯನವರು ತಮ್ಮ ಅರ್ಧ ಆಯುಷ್ಯವನ್ನು ಕಲಾಸಿಪಾಳ್ಯದ ಲಾರಿ ಆಫೀಸುಗಳಲ್ಲಿ ಕಳೆದವರು. ಯಾವ ಮೂಟೆ ಯಾವ ಲಾರಿ ಹತ್ತಬೇಕು, ಯಾವ ಊರಿನ ಗೋಡೌನಿನಲ್ಲಿ ಇಳಿಯಬೇಕು ಎಂಬುದನ್ನು ಗುಮಾಸ್ತರು ಕೈಯಲ್ಲಿ ಬರೆದು ಬರೆದು ಸಾಯುವುದನ್ನು ಕಂಡು, ಇದನ್ನು ಯಂತ್ರಕ್ಕೆ ಒಪ್ಪಿಸಬೇಕು ಎಂದು ಈ ಕಂಪನಿ ತೆರೆದಿದ್ದರು. ಪ್ರೋಗ್ರಾಂ ಬರೆಯುವುದಕ್ಕೆ ಮೂರು ಜನ ಇದ್ದರು. ಅವರು ಬರೆದದ್ದು ಸರಿಯಾಗಿದೆಯೇ ಎಂದು ನೋಡುವುದು, ಹಳೆಯದನ್ನು ತೆಗೆದು ಹೊಸದನ್ನು ಯಾವ ಊರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವುದು, ಫ್ಲಾಪಿಗಳಿಗೆ ನಕಲು ಮಾಡಿಸಿ ಕಳಿಸುವುದು ಮಹಾನಂದಳ ಕೆಲಸ. ಹೀಗೆ ಕಳಿಸುವುದಕ್ಕೆ ರಿಲೀಸ್ ಎನ್ನುತ್ತಿದ್ದರು. "ಈ ಶುಕ್ರವಾರ ಯಾವ ಪಿಕ್ಚರಮ್ಮಾ ರಿಲೀಸು?" ಎಂದು ಅವಳ ಅಪ್ಪ ಏಕಾಂತಯ್ಯನವರು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ಅವಳಿಗೆ ಮೂವತ್ತನಾಲ್ಕು ದಾಟಿತ್ತು. ಅಮ್ಮ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಬಂದ ಗಂಡುಗಳೆಲ್ಲ ಹಾಗೇ ತಪ್ಪಿಹೋಗಿದ್ದವು. ಅಮ್ಮ ತೀರಿಕೊಂಡ ಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಫೋನು ಮಾಡುತ್ತಿದ್ದವನು ವರದರಾಜ. ಪ್ರೋಗ್ರಾಮನ್ನು ಊರೂರಿಗೆ ಕೊಂಡೊಯ್ದು ಹಾಕಿ, ಅಲ್ಲಿಯ ಗುಮಾಸ್ತರಿಗೆ ಕಲಿಸಿ ಬರುವುದು ಅವನ ಕೆಲಸ. ಮೊದಲ ಕಂಪ್ಯೂಟರನ್ನು ಕಲಾಸಿಪಾಳ್ಯದ ಬುಕಿಂಗ್ ಆಫೀಸಿನಲ್ಲಿ ಕೂರಿಸಿದಾಗ ಅಲ್ಲಿಯವರು ಅದನ್ನು ಮುಟ್ಟುವುದಕ್ಕೇ ಒಪ್ಪಿರಲಿಲ್ಲ. ವರದರಾಜ ಯಾರಿಗೂ ಬುದ್ಧಿ ಹೇಳಲಿಲ್ಲ. ಅವರ ಬೆಂಚಿನ ಮೇಲೆ ಅವರ ಜೊತೆಗೇ ಕೂತು, ಅವರ ಟೀ ಕುಡಿದು, ಅವರ ಮಕ್ಕಳ ಪರೀಕ್ಷೆಯ ಸುದ್ದಿ ಕೇಳಿ, ಒಂದು ದಿನ ಅವರಲ್ಲಿ ಅತ್ಯಂತ ಸಿಡುಕಿನವರನ್ನೇ ಕರೆದು, "ನಿಮ್ಮ ಹೆಸರು ಒತ್ತಿ ನೋಡಿ ಸಾರ್, ಏನೂ ಆಗಲ್ಲ" ಎಂದಿದ್ದ. ಆ ಮನುಷ್ಯ ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟು ಹೊತ್ತೂ ವರದರಾಜ ಕೈಕಟ್ಟಿ ನಿಂತಿದ್ದನೇ ಹೊರತು ಒಮ್ಮೆಯೂ ಬೆರಳು ತೋರಿಸಲಿಲ್ಲ. ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದ ಮಹಾನಂದಳಿಗೆ ಅಂದು ಏನೋ ಆಯಿತು. ಏನಾಯಿತೆಂದು ತಿಳಿದದ್ದು ಆಮೇಲೆ, ಅವನು ಪರಸ್ಥಳಕ್ಕೆ ಹೋದಾಗ.

ಅವನನ್ನು ಪರಸ್ಥಳಕ್ಕೆ ಕಳಿಸುತ್ತಿದ್ದವಳೂ ಅವಳೇ. ಪ್ರತಿ ರಿಲೀಸಿನ ಯೋಜನೆಯಲ್ಲಿ, ಯಾವ ಊರಿಗೆ ಯಾರು ಎಂಬಲ್ಲಿ ಅವಳು ಹೆಸರು ಬರೆಯಬೇಕು. ಅವನಷ್ಟು ಚೆನ್ನಾಗಿ ಆ ಕೆಲಸ ಮಾಡುವವರು ಬೇರೆ ಯಾರೂ ಇರಲಿಲ್ಲ. ದಾವಣಗೆರೆಗೆ ಅವನ ಹೆಸರು ಬರೆದಳು, ಶಿವಮೊಗ್ಗಕ್ಕೆ ಬರೆದಳು. ಎಂಬತ್ತೈದರ ದಸರಾ ಕಳೆದ ಮೇಲೆ ಹುಬ್ಬಳ್ಳಿಗೆ ಬರೆದಳು. ಹುಬ್ಬಳ್ಳಿ ದೊಡ್ಡ ಕೇಂದ್ರ. ನಾಲ್ಕೂ ದಿಕ್ಕಿನ ಲಾರಿಗಳು ಅಲ್ಲಿಗೆ ಬಂದು ಮೂಟೆ ಬದಲಾಯಿಸಿಕೊಂಡು ಹೋಗುತ್ತಿದ್ದವು. ಎರಡು ತಿಂಗಳಲ್ಲಿ ಮುಗಿಯುತ್ತದೆಂದುಕೊಂಡ ಕೆಲಸ ಸಂಕ್ರಾಂತಿ ಕಳೆದರೂ ಮುಗಿಯಲಿಲ್ಲ.

ಫೋನಿನಲ್ಲಿ ಮೊದಲು ಕೆಲಸದ ಮಾತು. ಪ್ರಿಂಟರ್ ನಿಂತಿತು, ಕರೆಂಟ್ ಹೋಯಿತು, ಇನ್ನೆರಡು ಫ್ಲಾಪಿ ಕಳಿಸಿ. ಎಕ್ಸ್‌ಚೇಂಜಿನವರು ಮೂರು ನಿಮಿಷ ಆಯಿತೆಂದು ಎಚ್ಚರಿಸುವ ಮುಂಚೆ, ಕೊನೆಯಲ್ಲಿ, ಕೆಲಸಕ್ಕೆ ಸಂಬಂಧವಿಲ್ಲದ್ದೊಂದು ಮಾತನ್ನು ಅವನು ಹೇಳುತ್ತಿದ್ದ.

"ಇಲ್ಲಿ ಬಿಸಿಲು ಶುರುವಾಯ್ತು ಮಹಾನಂದ ಅವ್ರೇ. ಅಲ್ಲಿ ಹೇಗಿದೆ?"

"ಇಲ್ಲಿ ಬೆಳಗ್ಗೆ ಇನ್ನೂ ಚಳಿ ಇದೆ."

"ಹೊಂಗೆ ಚಿಗುರಿದ್ಯಾ?"

"ನೋಡಿಲ್ಲ. ನಾಳೆ ನೋಡಿ ಹೇಳ್ತೀನಿ."

ಮರುದಿನ ಬೆಳಗ್ಗೆ ಅವಳು ಎರಡು ಬೀದಿ ಸುತ್ತು ಹಾಕಿಕೊಂಡು ಆಫೀಸಿಗೆ ಬಂದಳು. ಹೊಂಗೆ ಚಿಗುರಿತ್ತು. ಅದನ್ನು ಹೇಳುವುದಕ್ಕೆ ಅವನ ಫೋನು ಬರಬೇಕಿತ್ತು. ಆ ದಿನ ಬರಲಿಲ್ಲ. ಮರುದಿನ ಬಂತು, ಆದರೆ ಅರ್ಧದಲ್ಲೇ ಲೈನು ಕತ್ತರಿಸಿ ಹೋಯಿತು.

ಹುಬ್ಬಳ್ಳಿಯಿಂದ ಬರುವ ಲಾರಿಯಲ್ಲಿ ಅವನು ಆಗಾಗ ತಾಯಿಗೆ ಧಾರವಾಡದ ಪೇಡೆ ಕಳಿಸುತ್ತಿದ್ದ. ಪೊಟ್ಟಣ ಆಫೀಸಿಗೆ ಬರುತ್ತಿತ್ತು. ಅದನ್ನು ಮಲ್ಲೇಶ್ವರಕ್ಕೆ ಮುಟ್ಟಿಸುವ ಕೆಲಸವನ್ನು ಮಹಾನಂದ ತಾನೇ ವಹಿಸಿಕೊಂಡಿದ್ದಳು. ಅವನ ತಾಯಿ ಭಾಗೀರಥಮ್ಮ ಹನ್ನೊಂದನೇ ಅಡ್ಡರಸ್ತೆಯ ಮನೆಯಲ್ಲಿ ಹಿರಿಯ ಮಗನ ಸಂಸಾರದೊಂದಿಗೆ ಇದ್ದರು. ಸಂಜೆ ಹುಡುಗಿಯರಿಗೆ ವೀಣೆ ಹೇಳಿಕೊಡುತ್ತಿದ್ದರು. ಮಡಿ ಹೆಚ್ಚು, ಮಾತು ಕಡಿಮೆ. ವರದರಾಜನ ಹೆಂಡತಿ ಮದುವೆಯಾದ ಎರಡನೇ ವರ್ಷದಲ್ಲೇ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಆಮೇಲೆ ಅವನು ಇನ್ನೊಂದು ಮದುವೆಯ ಮಾತಿಗೆ ಕಿವಿಗೊಟ್ಟಿರಲಿಲ್ಲ.

ಒಂದು ಸಂಜೆ ಪೇಡೆ ತಲುಪಿಸಲು ಹೋದಾಗ, ಪಾಠ ಮುಗಿಸಿದ ಭಾಗೀರಥಮ್ಮ ವೀಣೆಗೆ ಗೌಸು ಹೊದಿಸುತ್ತಿದ್ದರು. ಮಹಾನಂದಳಿಗೆ ಕಾಫಿ ತರಿಸಿಕೊಟ್ಟು ಎದುರಿಗೆ ಕೂತರು.

"ಯುಗಾದಿಗಾದ್ರೂ ಬರ್ತಾನೇನಮ್ಮ ಅವನು?"

"ಅಲ್ಲಿ ಕೆಲಸ ಮುಗಿದ್ರೆ ಬರ್ತಾರಮ್ಮ."

"ಕೆಲಸ ಯಾವಾಗ ಮುಗಿಯುತ್ತೆ?"

"ಹೊಸ ಪ್ರೋಗ್ರಾಂ ಒಂದು ಕಳಿಸ್ಬೇಕು. ಅದು ಸರಿಯಾಗಿ ನಡೆದ್ರೆ ಅಲ್ಲಿಗೆ ಮುಗೀತು."

"ಅದನ್ನ ಕಳಿಸೋರು ಯಾರು?"

ಮಹಾನಂದ ಲೋಟ ಕೆಳಗಿಟ್ಟಳು. "ನಾನೇ."

"ಹಾಗಾದ್ರೆ ಅವನನ್ನ ಕರೆಸ್ಕೊಳ್ಳೋದು ನಿನ್ನ ಕೈಲೇ ಇದೆಯಲ್ಲಮ್ಮ," ಎಂದರು ಭಾಗೀರಥಮ್ಮ. ಆಕ್ಷೇಪಿಸುವ ದನಿಯಲ್ಲ. ಸುಮ್ಮನೆ ಇದ್ದದ್ದನ್ನು ಹೇಳಿದ ಹಾಗೆ.

ಮಹಾನಂದ ಬಸ್ಸಿನಲ್ಲಿ ಚಾಮರಾಜಪೇಟೆಗೆ ಮರಳುವಾಗ ಆ ಮಾತು ಜೊತೆಗೇ ಬಂತು.

ಹೊಸ ಪ್ರೋಗ್ರಾಂ ಆಗ ತಯಾರಾಗಿತ್ತು, ಪೂರ್ತಿ ಪರೀಕ್ಷೆ ಆಗಿರಲಿಲ್ಲ. ಊರುಗಳಿಗೆ ಮೊದಲು ಅಂಕಿಯ ಗುರುತು ಇತ್ತು. ಗುಮಾಸ್ತರಿಗೆ ಅದು ನೆನಪಿರುವುದಿಲ್ಲ ಎಂದು ಈಗ ಊರಿನ ಇಂಗ್ಲಿಷ್ ಹೆಸರಿನ ಮೊದಲ ಮೂರು ಅಕ್ಷರವನ್ನೇ ಗುರುತು ಮಾಡಿದ್ದರು. ಆ ಗುರುತಿನ ಪ್ರಕಾರ ಯಂತ್ರ ಲಾರಿಗೆ ಹೇರುವ ಮೂಟೆಗಳ ಪಟ್ಟಿ ಅಚ್ಚು ಮಾಡಬೇಕು. ಪರೀಕ್ಷೆಗೆ ಅವಳು ಬಳಸಿದ್ದು ಹಳೆಯ ಊರುಗಳ ಪಟ್ಟಿ. ಆ ತಿಂಗಳು ಹೊಸದಾಗಿ ಕೆಲವು ಊರು ಸೇರಿದ್ದವು. ಅವನ್ನೂ ಹಾಕಿ ಇನ್ನೊಮ್ಮೆ ಮೊದಲಿನಿಂದ ನಡೆಸಿ ನೋಡಬೇಕಿತ್ತು. ಹಾಗೆ ನೋಡಿದರೆ ಯುಗಾದಿ ದಾಟುತ್ತಿತ್ತು.

ಮಲ್ಲಿಕಾರ್ಜುನಯ್ಯನವರೇ ಬಂದು ಕೇಳಿದರು. "ಏನಮ್ಮಾ, ಹುಬ್ಬಳ್ಳಿದು ಆಯ್ತಾ? ಇನ್ನೊಂದು ವಾರ ಬೇಕಿದ್ರೂ ತಗೋ. ಅವರೇನೂ ಕುತ್ತಿಗೆ ಮೇಲೆ ಕೂತಿಲ್ಲ."

"ಬೇಡ ಸಾರ್, ಆಗಿದೆ," ಎಂದಳು ಮಹಾನಂದ.

ರಿಲೀಸಿನ ಹಾಳೆಯಲ್ಲಿ 'ಪರೀಕ್ಷೆ ಮುಗಿದಿದೆ' ಎಂಬಲ್ಲಿ ಸಹಿ ಹಾಕಿದಳು. ಫ್ಲಾಪಿಗಳನ್ನು ರಟ್ಟಿನ ನಡುವೆ ಇಟ್ಟು ಕಟ್ಟಿಸಿ ಸಂಜೆಯ ಲಾರಿಗೆ ಕೊಡಿಸಿದಳು. ಎರಡು ದಿನಕ್ಕೆ ವರದರಾಜನ ಫೋನು ಬಂತು. ದನಿಯಲ್ಲೇ ನಗು ಇತ್ತು. "ಹಾಕಿದೀನಿ, ಓಡ್ತಾ ಇದೆ. ಹಬ್ಬಕ್ಕೆ ಬಂದ್ಬಿಡ್ತೀನಿ. ಅಮ್ಮನಿಗೆ ಹೇಳ್ಬಿಡಿ." ಮಹಾನಂದ ಆ ಸಂಜೆ ಗಾಂಧಿ ಬಜಾರಿಗೆ ಹೋಗಿ, ಬೇಡ ಬೇಡವೆಂದುಕೊಳ್ಳುತ್ತಲೇ ತನಗೊಂದು ತಿಳಿಹಸಿರು ವಾಯಿಲ್ ಸೀರೆ ತಂದುಕೊಂಡಳು.

ಹಬ್ಬಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ ಚಿಕ್ಕಪೇಟೆಯ ರೇಷ್ಮೆ ಸೀರೆ ವ್ಯಾಪಾರಿ ಶ್ರೀನಿವಾಸಯ್ಯನವರು ಮಹಡಿ ಹತ್ತಿಕೊಂಡು ಬಂದರು. ವಯಸ್ಸಾದವರು, ಮೆಟ್ಟಿಲು ಹತ್ತಿ ಏದುಸಿರು ಬಂದಿತ್ತು. ಲಾರಿ ಆಫೀಸಿನಲ್ಲಿ ಕೇಳಿದರೆ ತಪ್ಪು ಕಂಪ್ಯೂಟರಿನದು, ಅವರನ್ನು ಕೇಳಿ ಎಂದು ಇಲ್ಲಿಗೆ ಕಳಿಸಿದ್ದರಂತೆ.

"ಬೆಳಗಾವಿಗೆ ಮದುವೆ ಸೀರೆ ಕಳಿಸಿದ್ದೆ ಕಣಮ್ಮ," ಎಂದರು ಕುರ್ಚಿಯಲ್ಲಿ ಕೂತು. "ಮೂರು ತಲೆಮಾರಿನಿಂದ ನಮ್ಮ ಅಂಗಡೀಲೇ ತಗೊಳ್ಳೋ ಮನೆತನ. ಹುಬ್ಬಳ್ಳಿವರೆಗೂ ಹೋಗಿದೆ. ಅಲ್ಲಿಂದ ಬಳ್ಳಾರಿಗೆ ಯಾಕೆ ಹೋಯ್ತು? ಎರಡೂ ಬೇರೆ ಬೇರೆ ದಿಕ್ಕು ಅಲ್ವಾ?"

ಮಹಾನಂದ ಉತ್ತರ ಹೇಳುವ ಮೊದಲೇ ಅವಳಿಗೆ ತಿಳಿಯಿತು. ಬೆಳಗಾವಿ ಎಂದರೆ ಬೆಲ್ಗಾಮ್, ಬಳ್ಳಾರಿ ಎಂದರೆ ಬೆಲ್ಲಾರಿ. ಇಂಗ್ಲಿಷಿನಲ್ಲಿ ಎರಡರ ಮೊದಲ ಮೂರು ಅಕ್ಷರವೂ ಒಂದೇ. ಹೊಸದಾಗಿ ಸೇರಿದ ಊರುಗಳಲ್ಲಿ ಬಳ್ಳಾರಿಯೂ ಇತ್ತು. ಯಂತ್ರ ಎರಡೂ ಊರಿನ ಮೂಟೆಗಳನ್ನು ಒಂದೇ ಪಟ್ಟಿಯಲ್ಲಿ ಅಚ್ಚು ಮಾಡಿತ್ತು. ಹಮಾಲಿಗಳು ಪಟ್ಟಿ ನೋಡಿ ಮೂಟೆಗಳನ್ನು ಒಂದೇ ಲಾರಿಗೆ ಹೇರಿದ್ದರು.

"ಮದುವೆ ಯಾವತ್ತು ಸಾರ್?" ಎಂದಳು.

"ಆಗೋಯ್ತಮ್ಮ. ಹುಡುಗಿ ಅವಳ ಅಕ್ಕನ ಹಳೇ ಸೀರೆ ಉಟ್ಕೊಂಡು ಧಾರೆಗೆ ನಿಂತಳಂತೆ." ಅವರು ದನಿ ಏರಿಸಲಿಲ್ಲ. "ಆ ಸೀರೆ ಬಣ್ಣ ಅವಳೇ ಅಂಗಡಿಗೆ ಬಂದು ಆರಿಸಿದ್ದು. ಹೆಗಲ ಮೇಲೆ ಹಾಕ್ಕೊಂಡು ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತಿದ್ದಳು ಅಂತೀಯ."

ಅವರು ಹೋದ ಮೇಲೆ ಮಹಾನಂದ ಮಾಲೀಕರ ಕೋಣೆಗೆ ಹೋದಳು. ಹುಡುಗರು ಬರೆದ ಪ್ರೋಗ್ರಾಮಿನ ತಪ್ಪು ಎನ್ನಬಹುದಿತ್ತು. ಲಾರಿ ಕಂಪನಿಯವರು ಬಳ್ಳಾರಿಯನ್ನು ಸೇರಿಸಿದ್ದು ತಡವಾಗಿ ಎನ್ನಬಹುದಿತ್ತು. ಅವೆರಡೂ ಸುಳ್ಳಲ್ಲ.

"ಸಾರ್, ಹೊಸ ಊರುಗಳನ್ನ ಹಾಕಿ ಪರೀಕ್ಷೆ ಮಾಡಿರಲಿಲ್ಲ. ಮಾಡಿದೀನಿ ಅಂತ ಸಹಿ ಹಾಕಿದೆ."

ಮಲ್ಲಿಕಾರ್ಜುನಯ್ಯನವರು ಕನ್ನಡಕ ತೆಗೆದರು. "ನಾನು ವಾರ ಕೊಡ್ತೀನಿ ಅಂದ್ನಲ್ಲಮ್ಮ."

"ಹೌದು ಸಾರ್."

"ನೀನು ಹೀಗೆ ಮಾಡೋಳಲ್ಲ. ಯಾಕೆ?"

ಅವರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಏನು ಕಂಡಿತೋ, ಮತ್ತೆ ಕೇಳಲಿಲ್ಲ. "ಸರಿ. ಹಳೇದನ್ನೇ ವಾಪಸ್ ಹಾಕಿಸು. ಹೊಸದು ಸರಿ ಮಾಡು. ಶ್ರೀನಿವಾಸಯ್ಯನವರ ಹತ್ರ ನಾನು ಹೋಗಿ ಮಾತಾಡ್ತೀನಿ. ವರದರಾಜ ಅಲ್ಲೇ ಇರಬೇಕಾಗುತ್ತೆ. ಪ್ರತಿ ಮೂಟೆ ಕೈಯಲ್ಲಿ ನೋಡಿ ಕಳಿಸೋವರೆಗೂ ಬಿಟ್ಟು ಬರೋ ಹಾಗಿಲ್ಲ."

ಅವನನ್ನು ಅಲ್ಲೇ ಉಳಿಸುವ ಮಾತನ್ನು ಅವಳೇ ಅವನಿಗೆ ಹೇಳಬೇಕಿತ್ತು. ಅರ್ಜೆಂಟ್ ಕಾಲ್ ಬುಕ್ ಮಾಡಿ ಕಾದಳು. ಆ ಕಡೆಯಿಂದ ದನಿ ಬಂದಾಗ, ಅವನಿಗೆ ಆಗಲೇ ಎಲ್ಲ ಗೊತ್ತಿತ್ತು. ಬಳ್ಳಾರಿಯ ಗೋಡೌನಿನಲ್ಲಿ ಬೆಳಗಾವಿಯ ಮೂಟೆಗಳನ್ನು ಆರಿಸಿ, ಅದೇ ಲಾರಿಯ ಡ್ರೈವರನ ಪಕ್ಕದಲ್ಲಿ ಕೂತು ಬೆಳಗಾವಿಗೆ ಹೋಗಿ ಮನೆಮನೆಗೆ ಇಳಿಸಿ ಬಂದಿದ್ದ. ಮದುವೆಮನೆಗೂ ಹೋಗಿದ್ದ.

"ಏನಂದ್ರು ಅವ್ರು?"

"ಏನೂ ಅನ್ನಲಿಲ್ಲ. ಊಟ ಮಾಡ್ಕೊಂಡು ಹೋಗಿ ಅಂದ್ರು. ಅದೇ ಕಷ್ಟ ಆಯ್ತು."

"ತಪ್ಪು ನನ್ನದು ವರದರಾಜ್. ಪರೀಕ್ಷೆ ಮುಗಿಸದೆ ಕಳಿಸಿದೆ."

"ಹಬ್ಬಕ್ಕೆ ಬರೋ ಹಾಗಿಲ್ಲ ಅಲ್ವಾ?" ಎಂದ ಅವನು.

"ಇಲ್ಲ."

"ಸರಿ. ಅಮ್ಮನಿಗೆ..." ಎನ್ನುವಷ್ಟರಲ್ಲಿ ಲೈನು ಹೋಯಿತು.

ಭಾಗೀರಥಮ್ಮನಿಗೆ ಹೇಳುವುದಕ್ಕೆ ಹೋದಾಗ ಮಹಾನಂದ ಏನನ್ನೂ ಮುಚ್ಚಲಿಲ್ಲ. ಬೇಗ ಬರಲಿ ಎಂದು ಬೇಗ ಕಳಿಸಿದೆ, ಅದರಿಂದಲೇ ಈಗ ಬರುವ ಹಾಗಿಲ್ಲ ಎಂದಳು. ಹೇಳಿದ ಮೇಲೆ, ತಾನು ಏನು ಹೇಳಿಬಿಟ್ಟೆನೆಂದು ತಿಳಿಯಿತು. ಬೇಗ ಬರಲಿ ಎಂದು ಇವಳಿಗೇಕೆ? ಭಾಗೀರಥಮ್ಮ ಅವಳನ್ನು ನೋಡಿದರು. ಆಮೇಲೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಕಾಫಿ ಬಂತು, ಅವರು ಬರಲಿಲ್ಲ.

ಬೇಸಿಗೆ ಪೂರ್ತಿ ಮಹಾನಂದ ಆ ಪ್ರೋಗ್ರಾಮಿನ ಜೊತೆಗೇ ಇದ್ದಳು. ಗುರುತುಗಳನ್ನೆಲ್ಲ ಬದಲಾಯಿಸಿದರು. ಹುಡುಗರು ಸರಿಯಾಯಿತೆಂದಾಗಲೂ ಅವಳು ಬಿಡಲಿಲ್ಲ. ಕಂಪನಿಯ ಲಾರಿ ಹೋಗುವ ಪ್ರತಿಯೊಂದು ಊರನ್ನೂ, ಮುಂದೆ ಸೇರಬಹುದಾದ ಊರನ್ನೂ ಹಾಕಿ, ಬಂದ ಪಟ್ಟಿಗಳನ್ನು ಸಾಲು ಸಾಲಾಗಿ ಬೆರಳಿಟ್ಟು ಓದಿದಳು. ಕೆಲಸದಲ್ಲಿ ಮೈಮರೆತರೂ ಮಧ್ಯಾಹ್ನದ ಊಟವಾದ ಮೇಲೆ ಕಿವಿ ತಾನಾಗಿ ಫೋನಿನ ಕಡೆ ತಿರುಗುತ್ತಿತ್ತು. ಫೋನು ಬರುತ್ತಿತ್ತು, ಕೆಲಸದ ಮಾತೂ ಆಗುತ್ತಿತ್ತು. ಕೊನೆಯ ಆ ಒಂದು ಮಾತು ಮಾತ್ರ ಈಗ ಇರಲಿಲ್ಲ. ಅವನಿಗೆ ಬೇಸರವೋ, ಸಂಕೋಚವೋ, ಅಲ್ಲಿ ಪಕ್ಕದಲ್ಲಿ ಯಾರಾದರೂ ಇರುತ್ತಿದ್ದರೋ. ಮಾವಿನಹಣ್ಣು ಬಂದು ಹೋಯಿತು. ಚಾಮರಾಜಪೇಟೆಯ ಬೀದಿಗಳಲ್ಲಿ ಮೊದಲ ಮಳೆಯ ನೀರು ಹರಿದಾಗ ಅವಳು ಕಿಟಕಿಯಲ್ಲಿ ನಿಂತು, ಹುಬ್ಬಳ್ಳಿಯಲ್ಲಿ ಮಳೆ ಬಂತೋ ಇಲ್ಲವೋ ಎಂದು ಯೋಚಿಸಿದಳು. ಅದನ್ನು ಯಾರನ್ನಾದರೂ ಕೇಳಬಹುದಿತ್ತು. ಕೇಳಬೇಕಾಗಿದ್ದದ್ದು ಒಬ್ಬನನ್ನೇ.

ಆಷಾಢದಲ್ಲಿ ಹೊಸ ರಿಲೀಸ್ ಹೋಯಿತು. ಒಂದು ಮೂಟೆಯೂ ದಾರಿ ತಪ್ಪಲಿಲ್ಲ. ಶ್ರಾವಣ ಹುಟ್ಟಿದ ಮೇಲೆ ಒಂದು ಬೆಳಗ್ಗೆ ವರದರಾಜ ಮಹಡಿ ಮೆಟ್ಟಿಲು ಹತ್ತಿ ಬಂದ. ಬಿಸಿಲಿಗೆ ಕಪ್ಪಾಗಿದ್ದ, ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಎಲ್ಲರೂ ಸುತ್ತುಗಟ್ಟಿದರು. ಮಹಾನಂದ ತನ್ನ ಮೇಜಿನ ಹತ್ತಿರವೇ ನಿಂತು "ಬನ್ನಿ" ಎಂದಳು. ಅಷ್ಟು ತಿಂಗಳು ಕಾದ ಮೇಲೆ ಬಂದದ್ದು ಅದೊಂದೇ ಮಾತು.

ಸಂಜೆ ಅವನೇ ಕೇಳಿದ. "ಬಸವನಗುಡಿ ಕಡೆ ಹೋಗ್ತಿದೀನಿ. ಬರ್ತೀರಾ? ಒಂದು ವಿಷಯ ಹೇಳ್ಬೇಕು."

ವರಮಹಾಲಕ್ಷ್ಮಿಯ ಮುಂಚಿನ ದಿನಗಳು. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಹೂವಿನ ರಾಶಿಗಳು ರಸ್ತೆಗೇ ಇಳಿದಿದ್ದವು. ಇಬ್ಬರೂ ಜನರ ನಡುವೆ ದಾರಿ ಮಾಡಿಕೊಂಡು ನಡೆದರು. ಬ್ಯೂಗಲ್ ರಾಕಿನ ಬಂಡೆಯ ಹತ್ತಿರ ಗದ್ದಲ ಕಡಿಮೆಯಾಯಿತು.

"ಹುಬ್ಬಳ್ಳಿಯ ಲಾರಿ ಕಂಪನಿಯವರು ನನ್ನನ್ನೇ ಕೇಳಿದಾರೆ," ಎಂದ ವರದರಾಜ. "ಅವರ ಕಂಪ್ಯೂಟರ್ ವಿಭಾಗ ನೋಡ್ಕೊಳ್ಳೋಕೆ. ಒಂದು ವರ್ಷ ಮಾಡಿ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ಮಲ್ಲಿಕಾರ್ಜುನಯ್ಯನವರೂ ಒಪ್ಪಿದಾರೆ. ಆಮೇಲೆ ಕಾಯಂ ಆಗಿ ಇರಿ ಅಂತಾರೆ ಅವರು."

"ಇರ್ತೀರಾ?"

"ಗೊತ್ತಿಲ್ಲ. ಇಲ್ಲಿಗೆ ಬರಬೇಕು ಅನ್ನೋಕೆ ನನಗೆ ಒಂದೇ ಕಾರಣ ಇತ್ತು. ನೀವು ಆಮೇಲೆ ಫೋನಲ್ಲಿ ಬರೀ ಕೆಲಸದ ಮಾತಾಡೋಕೆ ಶುರು ಮಾಡಿದ್ರಿ. ನನ್ನದೇ ತಪ್ಪು ತಿಳುವಳಿಕೆ ಅಂದ್ಕೊಂಡೆ."

ಅವನೂ ಹಾಗೆಯೇ ಕಾದಿದ್ದ! ಮಹಾನಂದ ಬಂಡೆಗೆ ಒರಗಿ ನಿಂತಳು. ಯುಗಾದಿಯ ಮುಂಚೆ ಇದೇ ಆಸೆಯನ್ನು ಅವಳು ಯಾರಿಗೂ ಹೇಳದೆ ಕೆಲಸದ ಹಾಳೆಯ ಒಳಗೆ ಅಡಗಿಸಿ ಕಳಿಸಿದ್ದಳು. ಎಲ್ಲೋ ಒಬ್ಬಳು ಹುಡುಗಿ ಅದಕ್ಕಾಗಿ ಅಕ್ಕನ ಸೀರೆ ಉಟ್ಟಳು. ಬಯಸಿದ್ದು ತಪ್ಪು ಎಂದು ಅವಳಿಗೆ ಈಗಲೂ ಅನ್ನಿಸಲಿಲ್ಲ. ಬಾಯಿಬಿಟ್ಟು ಹೇಳಬೇಕಾದ್ದನ್ನು ಹೇಳದೇ ಹೋದದ್ದು ತಪ್ಪು.

"ಆ ಪ್ರೋಗ್ರಾಂ ಯಾಕೆ ಬೇಗ ಕಳಿಸಿದೆ ಅಂತ ನೀವು ಕೇಳ್ಲೇ ಇಲ್ಲ," ಎಂದಳು.

"ಯಾಕೆ?"

"ನೀವು ಬರ್ಲಿ ಅಂತ." ಅವಳು ಬಂಡೆಯಿಂದ ಸರಿದು ನೇರ ನಿಂತಳು. "ಮಾತು ಕೊಟ್ಟಿದೀರಿ, ಒಂದು ವರ್ಷ ಮಾಡಿ. ಅದನ್ನ ತಪ್ಪಿಸಿ ಅನ್ನಲ್ಲ. ಕಾಯಂ ಅಂದ್ರೆ ಮಾತ್ರ ಬೇಡ. ಅಲ್ಲಿ ಇರ್ಬೇಡಿ. ಬಂದ್ಬಿಡಿ."

ವರದರಾಜ ಅವಳ ಕೈಚೀಲವನ್ನು ತೆಗೆದು ತಾನು ಹಿಡಿದುಕೊಂಡ. ಹಾಗೇ ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದರು.

ಅವನು ತಾಯಿಗೆ ಹೇಳಿದ. ಅವಳು ಅಪ್ಪನಿಗೆ ಹೇಳಿದಳು. ಏಕಾಂತಯ್ಯನವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಅವರ ಮನೇಲಿ ನಿನ್ನನ್ನ ಅಡಿಗೆಮನೆ ಒಳಗೆ ಬಿಡ್ತಾರೇನಮ್ಮ?" ಎಂದು ಕೇಳಿ, ಅವಳು ಗೊತ್ತಿಲ್ಲ ಎಂದಾಗ ನಿಟ್ಟುಸಿರಿಟ್ಟು ಪೇಪರು ಬಿಡಿಸಿದರು. ಭಾಗೀರಥಮ್ಮ ಮಗನಿಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಹಬ್ಬ ಕಳೆದ ಮೇಲೆ ವರದರಾಜ ಹೊರಟ. ಸಿಟಿ ಸ್ಟೇಷನ್ನಿಗೆ ಭಾಗೀರಥಮ್ಮನೂ ಬಂದಿದ್ದರು. ಮಹಾನಂದ ಸ್ವಲ್ಪ ದೂರದಲ್ಲಿ, ಕಂಬದ ಹತ್ತಿರ ನಿಂತಳು. ಅವನು ಕಿಟಕಿಯಿಂದ ಒಮ್ಮೆ ತಾಯಿಯ ಕಡೆ, ಒಮ್ಮೆ ಇವಳ ಕಡೆ ನೋಡುತ್ತಿದ್ದ. ರೈಲು ಅಲುಗಿ, ನಿಧಾನವಾಗಿ ಪ್ಲಾಟ್‌ಫಾರಂ ಬಿಟ್ಟಿತು. ಕೊನೆಯ ಡಬ್ಬಿಯೂ ಹೋದ ಮೇಲೆ ಹಳಿಗಳ ಮೇಲೆ ಸಂಜೆಯ ಬಿಸಿಲು ಬಿದ್ದುಕೊಂಡಿತ್ತು.

ಭಾಗೀರಥಮ್ಮ ಕಲ್ಲು ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದರು.

"ಬಾ, ಕೂತ್ಕೋ."

ಮಹಾನಂದ ಹೋಗಿ ಕೂತಳು.

"ಒಂದು ವರ್ಷ ಅಂದ್ನಲ್ಲ. ಅವನು ಬಂದ ಮೇಲೆ ನಿಮ್ಮಪ್ಪನ್ನ ನಾನೇ ಬಂದು ನೋಡ್ತೀನಿ. ಅಲ್ಲೀವರೆಗೆ ನನಗೂ ಟೈಮ್ ಬೇಕಮ್ಮ. ನಾನು ಬೆಳೆದಿದ್ದೇ ಬೇರೆ ಥರ."

"ಆಗ್ಲಮ್ಮ."

"ಶನಿವಾರ ಬರ್ತಾ ಇರು ಮನೆಗೆ. ಅವನ ಪೊಟ್ಟಣ ಬಂದಿಲ್ಲ ಅಂದ್ರೂ ಬಾ."

ಬಸ್ಸಿಗೆ ಹೊತ್ತಾಗುತ್ತಿತ್ತು. ಪೋರ್ಟರುಗಳು ಮುಂದಿನ ರೈಲಿಗೆ ಸಾಮಾನು ತಂದು ಇಳಿಸತೊಡಗಿದ್ದರು. ಇಬ್ಬರೂ ರೈಲು ಹೋದ ದಿಕ್ಕನ್ನೇ ನೋಡುತ್ತ ಕೂತಿದ್ದರು, ಏಳಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.